ಒಂದು ನಷ್ಟ, ಇಬ್ಬರು ಅಮಾಯಕರು: ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರು ಮಾಡುವ ಕೆಲಸವೇನು?

ಒಬ್ಬ ತನ್ನ ಕಾರನ್ನು ಚೆಕ್ ತೆಗೆದುಕೊಂಡು ಮಾರುತ್ತಾನೆ. ಮರುದಿನ ಬ್ಯಾಂಕಿಗೆ ಹೋದರೆ ಚೆಕ್ ಬೌನ್ಸ್. ಅಷ್ಟರಲ್ಲಿ ಕೊಂಡವನು ಕಾರನ್ನು ಇನ್ನೊಬ್ಬರಿಗೆ ಮಾರಿ, ಹಣ ಎಣಿಸಿಕೊಂಡು ಪರಾರಿ. ಮೋಸಗಾರ ಸಿಗುವುದಿಲ್ಲ, ಸಿಕ್ಕರೂ ಅವನ ಹತ್ತಿರ ಕಾಸಿರುವುದಿಲ್ಲ. ಉಳಿದವರು ಇಬ್ಬರು. ಚೆಕ್ ನಂಬಿ ಕಾರು ಕೊಟ್ಟವನೊಬ್ಬ, ನಗದು ಕೊಟ್ಟು ಕಾರು ಕೊಂಡವನೊಬ್ಬ. ಇಬ್ಬರದೂ ತಪ್ಪಿಲ್ಲ, ನಷ್ಟ ಮಾತ್ರ ಒಂದೇ. ಅದು ಯಾರ ತಲೆಗೆ?

ವಾಣಿಜ್ಯ ಕಾನೂನಿನ ಮುಕ್ಕಾಲು ಪಾಲು ಈ ಪ್ರಶ್ನೆಯ ಬೇರೆ ಬೇರೆ ವೇಷಗಳು. ಸರಕಿನ ಮಾರಾಟ, ಏಜೆನ್ಸಿ, ಹಡಗಿನ ಸಾಗಣೆ, ಚೆಕ್ಕು–ಹುಂಡಿ, ಬ್ಯಾಂಕಿನ ಪಾವತಿ, ಅಡಮಾನ, ವಿಮೆ, ದಿವಾಳಿ ಎಂದು ಪಠ್ಯಕ್ರಮದಲ್ಲಿ ಅಧ್ಯಾಯಗಳು ಬೇರೆಯಾಗಿ ಕಂಡರೂ ಒಳಗಿನ ಕಥೆ ಒಂದೇ. ಯಾರೋ ಒಬ್ಬರ ಕೈಯಲ್ಲಿ ಹಣವಿಲ್ಲ, ಉಳಿದವರು ಅದರ ಹೊರೆಯನ್ನು ಹಂಚಿಕೊಳ್ಳಬೇಕು. ಈ ಹಂಚಿಕೆಯ ನಿಯಮಗಳನ್ನು ಕಲಿಸುವುದು, ಅವು ಎಲ್ಲಿ ಒಡೆಯುತ್ತವೆ ಎಂದು ತೋರಿಸುವುದು, ಒಡೆದಲ್ಲಿ ಹೊಸ ಕರಡು ಬರೆಯುವುದು ಈ ವಿಷಯದ ಪ್ರಾಧ್ಯಾಪಕರ ಕೆಲಸ. ಹೊರಗಿನವರ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ.

ಮೇಲಿನ ಕಾರಿನ ಪ್ರಸಂಗ ಕಟ್ಟುಕಥೆಯಲ್ಲ. 1960ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಜಾಗ್ವಾರ್ ಕಾರಿನ ವಿಷಯದಲ್ಲಿ ನಡೆದದ್ದು. ಮಾಲೀಕ ಚೆಕ್ ಬೌನ್ಸ್ ಆದದ್ದು ತಿಳಿದ ತಕ್ಷಣ ಪೊಲೀಸರಿಗೂ ವಾಹನ ಸಂಘಕ್ಕೂ ದೂರು ಕೊಟ್ಟ. ಮೋಸಗಾರ ತಲೆಮರೆಸಿಕೊಂಡಿರುವಾಗ ಅವನಿಗೇ ನೋಟಿಸ್ ಕೊಡಲಾಗದು, ಪೊಲೀಸರಿಗೆ ಹೇಳಿದ್ದೇ ಮಾರಾಟವನ್ನು ರದ್ದು ಮಾಡಿದಂತೆ ಎಂದಿತು ಮೇಲ್ಮನವಿ ನ್ಯಾಯಾಲಯ. ಆಮೇಲೆ ಪ್ರಾಮಾಣಿಕವಾಗಿ ಕೊಂಡ ಹಣಕಾಸು ಕಂಪನಿ ಸೋತಿತು. ಇದೇ ಸಂಗತಿಯನ್ನು ಅಮೆರಿಕದ ರಾಜ್ಯಗಳು ಕಾಯ್ದೆಯಾಗಿ ಒಪ್ಪಿಕೊಂಡ ಏಕರೂಪ ವಾಣಿಜ್ಯ ಸಂಹಿತೆಯ ಮುಂದಿಟ್ಟರೆ ಉತ್ತರ ತಿರುಗಿ ನಿಲ್ಲುತ್ತದೆ. ಬೌನ್ಸ್ ಆಗುವ ಚೆಕ್ ಕೊಟ್ಟು ಪಡೆದ ಸರಕನ್ನೂ ಪ್ರಾಮಾಣಿಕ ಖರೀದಿದಾರನಿಗೆ ದಾಟಿಸಬಹುದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಕಾರು ಮೋಸದಿಂದಲ್ಲ, ಕಳ್ಳತನದಿಂದ ಹೋಗಿದ್ದರೆ? ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಲ್ಲಿ ಸಾಮಾನ್ಯವಾಗಿ ಮೂಲ ಮಾಲೀಕನೇ ಗೆಲ್ಲುತ್ತಾನೆ. ಫ್ರಾನ್ಸಿನಲ್ಲಿ ಅವನಿಗೆ ಮೂರು ವರ್ಷದ ಗಡುವಿದೆ. ಇಟಲಿಯಲ್ಲಂತೂ ಕದ್ದ ಸಾಮಾನ್ಯ ಸರಕನ್ನು ಪ್ರಾಮಾಣಿಕವಾಗಿ ಕೊಂಡು ಕೈಗೆ ಪಡೆದವನೇ ಒಡೆಯ.

ತರಗತಿಯಲ್ಲಿ ನಡೆಯುವುದೂ ಹೀಗೆಯೇ. ಸಂಗತಿಗಳ ಪಟ್ಟಿಯಲ್ಲಿ ಒಂದೇ ಒಂದನ್ನು ಬದಲಿಸಿ, ಉತ್ತರ ಕದಲುತ್ತದೋ ಇಲ್ಲವೋ ನೋಡುವುದು. ಕದಲಿದರೆ ಆ ಸಂಗತಿಗೆ ಕಾನೂನಿನ ದೃಷ್ಟಿಯಲ್ಲಿ ತೂಕವಿದೆ ಎಂದರ್ಥ, ಕದಲದಿದ್ದರೆ ಅದು ಬರೀ ಅಲಂಕಾರ.

ಈ ಕುರ್ಚಿಗೆ ದಾರಿ

ದಾರಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಬೇರೊಂದು ಪದವಿಯ ಮೇಲೆ ಮೂರು ವರ್ಷದ ಕಾನೂನು ಪದವಿ, ಆಮೇಲೆ ನ್ಯಾಯಾಧೀಶರ ಬಳಿ ಒಂದು ವರ್ಷದ ಸಹಾಯಕ ಹುದ್ದೆ, ಕೆಲವು ವರ್ಷ ದೊಡ್ಡ ಕಾನೂನು ಸಂಸ್ಥೆಯಲ್ಲಿ ದುಡಿಮೆ, ಅನಂತರ ಬೋಧನೆ ಎನ್ನುವುದು ಹಳೆಯ ಪದ್ಧತಿ. ಈಗ ಇವುಗಳ ಜೊತೆಗೆ ಪಿಎಚ್‌ಡಿಯನ್ನೂ ಕೇಳುವುದು ಹೆಚ್ಚಾಗಿದೆ. ಜರ್ಮನಿಯಲ್ಲಿ ಎರಡು ಸರ್ಕಾರಿ ಪರೀಕ್ಷೆ, ಅವುಗಳ ನಡುವೆ ಎರಡು ವರ್ಷದ ತರಬೇತಿ, ಡಾಕ್ಟರೇಟ್, ಅದರ ಮೇಲೆ 'ಹಾಬಿಲಿಟಾಟ್ಸಿಯೋನ್' ಎಂಬ ಎರಡನೆಯ ಮಹಾಪ್ರಬಂಧ. ಇಷ್ಟೆಲ್ಲ ಮುಗಿಸುವಾಗ ನಲವತ್ತು ಸಮೀಪಿಸಿರುವುದು ಅಪರೂಪವಲ್ಲ. ಭಾರತದಲ್ಲಿ ಎಲ್‌ಎಲ್‌ಎಂನಲ್ಲಿ ಶೇಕಡಾ 55 ಅಂಕ, ಮೇಲೆ ನೆಟ್ ಅಥವಾ ಪಿಎಚ್‌ಡಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಬಾಗಿಲು.

ವಾಣಿಜ್ಯ ಕಾನೂನಿಗೆ ಮಾತ್ರ ಒಂದು ವಿಶೇಷವಿದೆ. ಸಂವಿಧಾನವನ್ನೋ ನ್ಯಾಯಶಾಸ್ತ್ರವನ್ನೋ ಪುಸ್ತಕದಿಂದಲೇ ಕಲಿತು ಚೆನ್ನಾಗಿ ಕಲಿಸಬಹುದು. ವಾಣಿಜ್ಯ ಕಾನೂನಿನಲ್ಲಿ ಅದು ಕಷ್ಟ. ಒಂದು ಸಾಲದ ಒಪ್ಪಂದ ನಿಜಕ್ಕೂ ಹೇಗೆ ಕಟ್ಟಲ್ಪಡುತ್ತದೆ, ಬ್ಯಾಂಕಿನ ವಕೀಲ ಯಾವ ಕಲಮಿನ ಮೇಲೆ ಪಟ್ಟು ಹಿಡಿಯುತ್ತಾನೆ, ಯಾವುದನ್ನು ಬಿಟ್ಟುಕೊಡುತ್ತಾನೆ ಎಂಬುದು ತೀರ್ಪುಗಳಲ್ಲಿ ಸಿಗುವುದಿಲ್ಲ. ತೀರ್ಪುಗಳು ಹಳಿ ತಪ್ಪಿದ ವ್ಯವಹಾರಗಳ ಕಥೆ. ಸರಿಯಾಗಿ ನಡೆದ ಸಾವಿರಾರು ವ್ಯವಹಾರಗಳು ಕೋರ್ಟಿನ ಮೆಟ್ಟಿಲು ಹತ್ತುವುದೇ ಇಲ್ಲ. ಅದಕ್ಕೇ ಈ ಕ್ಷೇತ್ರದ ಎಷ್ಟೋ ದೊಡ್ಡ ಹೆಸರುಗಳು ವೃತ್ತಿಯಿಂದ ಬಂದವು. ಅಮೆರಿಕದ ಕಾರ್ಲ್ ಲೆವೆಲಿನ್ ನ್ಯೂಯಾರ್ಕಿನ ಬ್ಯಾಂಕ್ ಒಂದರ ಕಾನೂನು ವಿಭಾಗದಲ್ಲಿ ದುಡಿದಿದ್ದರು. ಇಂಗ್ಲೆಂಡಿನ ರಾಯ್ ಗೂಡ್ ಲಂಡನ್ ವಿಶ್ವವಿದ್ಯಾಲಯದ ಪದವಿಯನ್ನು ಹೊರಗಿನ ವಿದ್ಯಾರ್ಥಿಯಾಗಿ ಪಡೆದು, ವರ್ಷಗಟ್ಟಲೆ ಸಾಲಿಸಿಟರ್ ಆಗಿದ್ದು, 1971ರಲ್ಲಿ ಪೂರ್ಣಾವಧಿ ಬೋಧನೆಗೆ ಬಂದವರು. ಅವರು 1980ರಲ್ಲಿ ಕ್ವೀನ್ ಮೇರಿ ಕಾಲೇಜಿನಲ್ಲಿ ಕಟ್ಟಿದ ವಾಣಿಜ್ಯ ಕಾನೂನು ಅಧ್ಯಯನ ಕೇಂದ್ರ ಇಂದಿಗೂ ಈ ವಿಷಯದ ದೊಡ್ಡ ಕೇಂದ್ರಗಳಲ್ಲಿ ಒಂದು.

ಎಷ್ಟು ವರ್ಷ ವೃತ್ತಿ ಮಾಡಿ ಬರಬೇಕು? ಎರಡರಿಂದ ಐದು ವರ್ಷ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಒಂದೇ ವರ್ಷವಾದರೆ ಕಡತ ಜೋಡಿಸುವುದರಲ್ಲೇ ಕಳೆದುಹೋಗುತ್ತದೆ. ಹತ್ತು ದಾಟಿದರೆ ಸಂಬಳದ ಇಳಿಕೆಯನ್ನು ಮನೆಯವರು ಒಪ್ಪುವುದು ಕಷ್ಟ, ದೀರ್ಘ ಬರವಣಿಗೆಯ ಅಭ್ಯಾಸವೂ ತಪ್ಪಿರುತ್ತದೆ. ವಕೀಲನ ಬರವಣಿಗೆ ಒಂದು ಪಕ್ಷದ ಪರ. ಸಂಶೋಧಕ ತನ್ನ ವಾದದ ದುರ್ಬಲ ಜಾಗವನ್ನು ತಾನೇ ತೋರಿಸಬೇಕು. ಈ ಒಗ್ಗಿಕೊಳ್ಳುವಿಕೆಗೇ ಎರಡು ವರ್ಷ ಹಿಡಿಯುತ್ತದೆ.

ಪಿಎಚ್‌ಡಿ ಹೆಚ್ಚಾಗಿ ಎಡವುವುದು ವಿಷಯದ ಅಗಲದಲ್ಲಿ. 'ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸದ್ಭಾವನೆ' ಎಂದು ಶೀರ್ಷಿಕೆ ಇಟ್ಟುಕೊಂಡವರು ಮೂರನೆಯ ವರ್ಷವೂ ಓದುತ್ತಲೇ ಇರುತ್ತಾರೆ. 'ಉಗ್ರಾಣದಲ್ಲಿ ಬೇರೆಯವರ ಸರಕಿನ ಜೊತೆ ಬೆರೆತುಹೋದ ಗೋಧಿಯನ್ನು ಕೊಂಡವನಿಗೆ, ಮಾರಿದವ ದಿವಾಳಿಯಾದರೆ ಏನು ಸಿಗುತ್ತದೆ' ಎಂದು ಹೊರಟವರು ಮುಗಿಸುತ್ತಾರೆ. ಎರಡನೆಯದು ಸಣ್ಣದಾಗಿ ಕಾಣಬಹುದು. ಆದರೆ ಸರಕನ್ನು ಬೇರ್ಪಡಿಸುವ ಮೊದಲು ಒಡೆತನ ದಾಟದು ಎಂಬ ನೂರು ವರ್ಷದ ನಿಯಮವನ್ನು ಇಂಗ್ಲೆಂಡ್ 1995ರಲ್ಲಿ ತಿದ್ದಿದ್ದು ಇಂಥದೇ ಪ್ರಶ್ನೆಗೆ. ಹಣ ಕೊಟ್ಟ ಖರೀದಿದಾರನಿಗೆ ಇಡೀ ರಾಶಿಯಲ್ಲಿ ಅವನ ಪಾಲಿನಷ್ಟು ಸಹ-ಒಡೆತನ ಈಗ ಸಿಗುತ್ತದೆ.

ಕಡಲೆಕಾಯಿಯ ಪಾಠ

ತರಗತಿಯ ಒಳಗೊಮ್ಮೆ ಇಣುಕೋಣ. ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ, ಈ ವಿಷಯದಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಮುಗ್ಗರಿಸುವ ಜಾಗ.

ಮಾರುವವನು ಒಂದು ದೇಶದಲ್ಲಿ, ಕೊಳ್ಳುವವನು ಇನ್ನೊಂದರಲ್ಲಿ. ಹಣ ಬರದೆ ಸರಕು ಕಳಿಸಲು ಇವನಿಗೆ ಭಯ, ಸರಕು ನೋಡದೆ ಹಣ ಕಳಿಸಲು ಅವನಿಗೆ ಭಯ. ನಡುವೆ ಬ್ಯಾಂಕು ಬಂದು ಮಾರುವವನಿಗೆ ಮಾತು ಕೊಡುತ್ತದೆ: ಇಂತಿಂಥ ಕಾಗದಗಳನ್ನು ತಂದುಕೊಡು, ಹಣ ಕೊಡುತ್ತೇನೆ. ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ, ಸರಕನ್ನಲ್ಲ. ಈ ಒಂದು ವಾಕ್ಯ ತಲೆಗಿಳಿಯಲು ವಿದ್ಯಾರ್ಥಿಗಳಿಗೆ ಎರಡು ವಾರ ಬೇಕಾಗುತ್ತದೆ. ಕಳಪೆ ಸರಕು ಬಂದರೆ ಬ್ಯಾಂಕು ಹಣ ತಡೆಯಬೇಕಲ್ಲವೇ ಎಂದು ಕೇಳುತ್ತಲೇ ಇರುತ್ತಾರೆ. ಬೇಡ. ತಡೆಯಬಾರದು ಕೂಡ. ತಡೆಯುವಂತಿದ್ದರೆ ಎಲ್‌ಸಿಯ ಅಗತ್ಯವೇ ಇರಲಿಲ್ಲ.

ಇದನ್ನು ಕಲಿಸಲು ನೆಚ್ಚಿನ ಮೊಕದ್ದಮೆ ಲಂಡನ್ನಿನದು, ಸರಕು ಮಾತ್ರ ನಮ್ಮ ಕಡೆಯದು. ಎಲ್‌ಸಿಯಲ್ಲಿ ಬರೆದಿದ್ದು ಸುಮಾರು 1,400 ಟನ್ 'ಕೋರಮಂಡಲ ಕಡಲೆಕಾಯಿ'. ಸರಕು ಪಡೆದದ್ದಕ್ಕೆ ಹಡಗಿನವರು ಕೊಟ್ಟ ರಸೀದಿ-ಹಕ್ಕುಪತ್ರವಾದ ಬಿಲ್ ಆಫ್ ಲೇಡಿಂಗ್‌ನಲ್ಲಿದ್ದದ್ದು 'ಯಂತ್ರದಿಂದ ಸುಲಿದ ಕಡಲೆಬೀಜ'. ಅಂಚಿನಲ್ಲಿ ಗುರುತಿನ ಅಕ್ಷರಗಳ ನಡುವೆ 'ಸಿ.ಆರ್.ಎಸ್.' ಎಂದಿತ್ತು. ಲಂಡನ್ನಿನ ಈ ವ್ಯಾಪಾರದ ಯಾರನ್ನು ಕೇಳಿದರೂ ಅದು ಕೋರಮಂಡಲದ ಸಂಕ್ಷೇಪ, ಎರಡೂ ಒಂದೇ ಸರಕು ಎನ್ನುತ್ತಿದ್ದರು. ಬ್ಯಾಂಕು ಹಣ ಕೊಡಲಿಲ್ಲ. ಕೆಳಗಿನ ಕೋರ್ಟು ಮಾರಿದವನ ಪರ ನಿಂತಿತು, 1942ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಬ್ಯಾಂಕು ನೂರಾರು ಬಗೆಯ ಸರಕುಗಳ ಕಾಗದ ನೋಡುತ್ತದೆ, ಪ್ರತಿಯೊಂದು ವ್ಯಾಪಾರದ ಒಳಭಾಷೆಯನ್ನು ಅದು ತಿಳಿದಿರಬೇಕಿಲ್ಲ ಎಂಬುದು ತೀರ್ಪಿನ ತಿರುಳು.

ಇಷ್ಟು ಹೇಳಿ ಮುಂದಿನ ಮೊಕದ್ದಮೆಗೆ ಹಾರುವುದು ಸೋಮಾರಿ ಪಾಠ. ಒಳ್ಳೆಯ ಪಾಠ ಇಲ್ಲಿಂದ ಶುರುವಾಗುತ್ತದೆ. ಇಂದು ಎಲ್‌ಸಿಗಳನ್ನು ಆಳುವುದು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 'ಯುಸಿಪಿ 600'. ಅದು 2007ರ ಜುಲೈ 1ರಿಂದ ಬಳಕೆಯಲ್ಲಿದೆ, 39 ವಿಧಿಗಳಿವೆ. ಕಾಗದ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನ. ಇನ್‌ವಾಯ್ಸ್‌ನಲ್ಲಿ ಸರಕಿನ ವರ್ಣನೆ ಎಲ್‌ಸಿಗೆ ಹೊಂದಬೇಕು. ಉಳಿದ ಕಾಗದಗಳಲ್ಲಿ ಸಾಮಾನ್ಯ ಮಾತಿನ ವರ್ಣನೆ ಸಾಕು, ಅದು ಎಲ್‌ಸಿಗೆ ವಿರುದ್ಧವಾಗಿರಬಾರದು ಅಷ್ಟೆ. ಕಡಲೆಕಾಯಿ ಮೊಕದ್ದಮೆಯಲ್ಲಿ ಇನ್‌ವಾಯ್ಸ್ ಸರಿಯಿತ್ತು, ತಪ್ಪಿದ್ದು ಬಿಲ್ ಆಫ್ ಲೇಡಿಂಗ್‌ನಲ್ಲಿ. ಹಾಗಾದರೆ ಇಂದು ತೀರ್ಪು ಬದಲಾಗುತ್ತದೆಯೇ? ಕಾಯಿ ಎಂದಲ್ಲಿ ಬೀಜ ಎಂದರೆ ಅದು 'ಸಾಮಾನ್ಯ ಮಾತೇ', 'ವಿರುದ್ಧ'ವೇ? ಈ ಪ್ರಶ್ನೆಯ ಮೇಲೆ ಒಂದು ಗಂಟೆ ತರಗತಿ ನಡೆಯಬಹುದು, ಪರೀಕ್ಷೆಗೂ ಇಡಬಹುದು. ಎರಡೂ ಕಡೆ ವಾದವಿದೆ, ಉತ್ತರಪತ್ರಿಕೆಯಲ್ಲಿ ಅಂಕ ಬೀಳುವುದು ತೀರ್ಮಾನಕ್ಕಲ್ಲ, ದಾರಿಗೆ.

ಆಮೇಲೆ ಸಂಗತಿಯನ್ನು ತಿರುಗಿಸಬೇಕು. ಕಾಗದವೆಲ್ಲ ಅಚ್ಚುಕಟ್ಟು, ಪೆಟ್ಟಿಗೆಯಲ್ಲಿ ಮಾತ್ರ ಕಸ. ನ್ಯೂಯಾರ್ಕಿನಲ್ಲಿ 1941ರಲ್ಲಿ ಬಂದ ಮೊಕದ್ದಮೆ ಇದೇ. ಭಾರತದಿಂದ ಬ್ರಷ್ಷಿಗೆ ಬೇಕಾದ ಬಿರುಗೂದಲು ತರಿಸಿದವನು, ಪೆಟ್ಟಿಗೆಗಳಲ್ಲಿ ದನದ ಕೂದಲು ಮತ್ತು ಕಸ ತುಂಬಿದ್ದಾರೆ ಎಂದು ಕೋರ್ಟಿಗೆ ಹೋದ. ಕಳಪೆ ಸರಕು ಬೇರೆ, ಸರಕೇ ಅಲ್ಲದ್ದನ್ನು ಬೇಕೆಂದೇ ಕಳಿಸುವ ವಂಚನೆ ಬೇರೆ, ವಂಚಕನಿಗೆ ಎಲ್‌ಸಿಯ ರಕ್ಷಣೆಯಿಲ್ಲ ಎಂದರು ನ್ಯಾಯಾಧೀಶರು. ನಿಯಮ, ಅದರ ಗಡಸು, ಗಡಸಿಗೊಂದು ಕಿಂಡಿ. ಮೂರೂ ಒಟ್ಟಿಗೆ ಸಿಕ್ಕಾಗ ವಿದ್ಯಾರ್ಥಿಗೆ ಎಲ್‌ಸಿ ಅರ್ಥವಾಗುತ್ತದೆ.

ಇಂಥ ಒಂದು ಗಂಟೆಯನ್ನು ಮೊದಲ ಸಲ ಕಟ್ಟಲು ನಾಲ್ಕೈದು ಗಂಟೆ ತಯಾರಿ ಬೇಕು. ಸೆಮಿಸ್ಟರಿಗೆ ಸುಮಾರು 40 ಗಂಟೆಯ ಪಾಠ ಎಂದಿಟ್ಟುಕೊಂಡರೆ ಹೊಸಬರ ಮೊದಲ ವರ್ಷ ಎಲ್ಲಿ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಮೊದಲ ವರ್ಷದಲ್ಲೇ ಎರಡು ಹೊಸ ಕೋರ್ಸ್ ಒಪ್ಪಿಕೊಂಡವರ ಸಂಶೋಧನೆ ಅಲ್ಲಿಗೇ ನಿಲ್ಲುತ್ತದೆ.

ಬರೆಯುವುದು

ಬಡ್ತಿ ಸಿಗುವುದು ಪಾಠಕ್ಕಲ್ಲ, ಬರವಣಿಗೆಗೆ. ಅಮೆರಿಕದ ಕಾನೂನು ನಿಯತಕಾಲಿಕಗಳಲ್ಲಿ ಬಹುಪಾಲನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. ಒಂದೇ ಲೇಖನವನ್ನು ಹತ್ತಾರು ಪತ್ರಿಕೆಗಳಿಗೆ ಏಕಕಾಲಕ್ಕೆ ಕಳಿಸಬಹುದು, ವರ್ಷಕ್ಕೆ ಎರಡು ಹಂಗಾಮು, ಫೆಬ್ರುವರಿ ಸುಮಾರಿಗೊಂದು, ಆಗಸ್ಟಿನಲ್ಲೊಂದು. ವಿದ್ಯಾರ್ಥಿ ಸಂಪಾದಕರಿಗೆ ಸಂವಿಧಾನದ ಬಿಸಿ ವಿಷಯ ರುಚಿಸಿದಷ್ಟು ಚೆಕ್ಕಿನ ಎಂಡಾರ್ಸ್‌ಮೆಂಟ್ ರುಚಿಸುವುದಿಲ್ಲ. ವಾಣಿಜ್ಯ ಕಾನೂನಿನವರ ಹಳೆಯ ಗೊಣಗಾಟವಿದು, ಅದರಲ್ಲಿ ಹುರುಳಿದೆ. ಬ್ರಿಟನ್ನಿನಂಥ ಕಡೆ ತಜ್ಞರ ಪರಿಶೀಲನೆ ನಡೆಯುತ್ತದೆ, ಒಮ್ಮೆಗೆ ಒಂದೇ ಪತ್ರಿಕೆ, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಲೇಖನಕ್ಕಿಂತ ದೀರ್ಘಾಯುಷ್ಯ ಆಕರ ಗ್ರಂಥಕ್ಕೆ. ಒಂದು ಒಳ್ಳೆಯ ಆಕರ ಗ್ರಂಥವನ್ನು ಕೋರ್ಟುಗಳು ದಶಕಗಳ ಕಾಲ ಉಲ್ಲೇಖಿಸುತ್ತವೆ. ಆದರೆ ಅದು ಬಾಡಿಗೆ ಮನೆಯಿದ್ದಂತೆ, ದುರಸ್ತಿ ನಿಲ್ಲಿಸಿದರೆ ಸೋರುತ್ತದೆ. ಕಾಯ್ದೆಯ ಒಂದು ತಿದ್ದುಪಡಿ ಬಂದರೆ ಅಧ್ಯಾಯಕ್ಕೆ ಅಧ್ಯಾಯವೇ ಕೊಚ್ಚಿಹೋಗಬಹುದು.

ಕರಡಿನ ಮೇಜು

ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರು ಉಳಿದ ಕಾನೂನು ಪ್ರಾಧ್ಯಾಪಕರಿಗಿಂತ ಬೇರೆಯಾಗುವುದು ಇಲ್ಲಿ. ಬರೆದ ನಿಯಮವೇ ಕಾಯ್ದೆಯಾಗುವ ಅವಕಾಶ ಇವರಿಗೆ ಆಗಾಗ ಸಿಗುತ್ತದೆ.

ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಮುಖ್ಯ ಕರಡುಕಾರ ಕೊಲಂಬಿಯಾದ ಪ್ರಾಧ್ಯಾಪಕ ಲೆವೆಲಿನ್. ಅವರ ಜೊತೆ ದುಡಿದ ಸೋಯಾ ಮೆನ್ಶಿಕಾಫ್ ಮುಂದೆ ಅವರನ್ನೇ ಮದುವೆಯಾದರು, ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಪಾಠ ಮಾಡಿದ ಮೊದಲ ಮಹಿಳೆ ಎನಿಸಿದರು. ಅಲ್ಲಿಯವರೆಗಿನ ಮಾರಾಟ ಕಾನೂನು ಎಲ್ಲ ಪ್ರಶ್ನೆಗೂ 'ಒಡೆತನ ದಾಟಿತೇ?' ಎಂಬ ಒಂದೇ ಬೀಗದ ಕೈ ಹಾಕುತ್ತಿತ್ತು. ಸರಕು ಸುಟ್ಟರೆ ನಷ್ಟ ಯಾರಿಗೆ? ಒಡೆಯನಿಗೆ. ಬೆಲೆಗಾಗಿ ದಾವೆ ಹಾಕಬಹುದೇ? ಒಡೆತನ ದಾಟಿದ್ದರೆ. ಒಡೆತನ ಕಣ್ಣಿಗೆ ಕಾಣದ ವಸ್ತು, ಉಗ್ರಾಣದಲ್ಲಿ ನಿಂತು ಅದು ಯಾವಾಗ ದಾಟಿತೆಂದು ಹೇಳಲಾಗದು ಎಂಬುದು ಲೆವೆಲಿನ್‌ರ ತಕರಾರು. ಅವರು ಪ್ರಶ್ನೆಗಳನ್ನು ಬಿಡಿಸಿಟ್ಟರು. ನಷ್ಟಕ್ಕೆ ಬೇರೆ ನಿಯಮ, ಬೆಲೆಗೆ ಬೇರೆ, ವಿಮೆಗೆ ಬೇರೆ. ಸರಕು ಯಾರ ವಶದಲ್ಲಿತ್ತು, ಸಾಗಿಸುವವನ ಕೈಗೆ ಕೊಟ್ಟಾಯಿತೇ ಎಂಬ ಕಣ್ಣಿಗೆ ಕಾಣುವ ಸಂಗತಿಗಳ ಮೇಲೆ ನಿಯಮ ನಿಂತಿತು.

ಎಲ್ಲವೂ ಉಳಿಯಲಿಲ್ಲ. ವ್ಯಾಪಾರದ ಸಂಗತಿಗಳನ್ನು ಸಾಮಾನ್ಯ ಜ್ಯೂರಿಯ ಬದಲು ವ್ಯಾಪಾರಿಗಳ ಮಂಡಳಿಯೇ ತೀರ್ಮಾನಿಸಲಿ ಎಂಬ ಅವರ ಸಲಹೆ ಆರಂಭದ ಕರಡುಗಳಲ್ಲೇ ಬಿದ್ದುಹೋಯಿತು. 1952ರಲ್ಲಿ ಅಧಿಕೃತ ಪಠ್ಯ ಹೊರಬಂತು, ಪೆನ್ಸಿಲ್ವೇನಿಯಾ 1953ರಲ್ಲಿ ಮೊದಲು ಒಪ್ಪಿತು. ನ್ಯೂಯಾರ್ಕ್ ಮಾತ್ರ ವರ್ಷಗಟ್ಟಲೆ ಪರಿಶೀಲಿಸಿ 1956ರಲ್ಲಿ, ಇದ್ದಂತೆಯೇ ಒಪ್ಪಲಾಗದು ಎಂದಿತು. ಕರಡು ತಿದ್ದಲಾಯಿತು, 1962ರಲ್ಲಿ ನ್ಯೂಯಾರ್ಕೂ ಒಪ್ಪಿತು. ಲೆವೆಲಿನ್ ಆ ವರ್ಷದ ಫೆಬ್ರುವರಿಯಲ್ಲಿ ತೀರಿಕೊಂಡರು. ಸಂಹಿತೆಯ ಮಾರಾಟದ ಭಾಗವನ್ನು ಲೂಸಿಯಾನ ಒಂದನ್ನು ಬಿಟ್ಟು ಉಳಿದ ಎಲ್ಲ ರಾಜ್ಯಗಳೂ ಒಪ್ಪಿವೆ.

ದೇಶದ ಗಡಿ ದಾಟಿದರೆ ಇನ್ನೂ ನಿಧಾನ. 1929ರ ಸುಮಾರಿಗೆ ಬರ್ಲಿನ್ನಿನ ಅರ್ನ್ಸ್ಟ್ ರಾಬೆಲ್ ಜಗತ್ತಿಗೆಲ್ಲ ಒಂದೇ ಮಾರಾಟ ಕಾನೂನು ಇರಲಿ ಎಂದು ರೋಮಿನ ಯೂನಿಡ್ರಾ ಸಂಸ್ಥೆಗೆ ವರದಿ ಕೊಟ್ಟರು. ನಾಜಿಗಳು ಅವರನ್ನು ಹುದ್ದೆಯಿಂದ ಇಳಿಸಿದರು, ಅವರು ಅಮೆರಿಕಕ್ಕೆ ಹೋದರು, 1955ರಲ್ಲಿ ತೀರಿಕೊಂಡರು. 1964ರಲ್ಲಿ ಹೇಗ್‌ನಲ್ಲಿ ಬಂದ ಒಪ್ಪಂದಗಳನ್ನು ಕೆಲವೇ ದೇಶ ಒಪ್ಪಿದವು. ವಿಶ್ವಸಂಸ್ಥೆ 1966ರಲ್ಲಿ ಸ್ಥಾಪಿಸಿದ ವ್ಯಾಪಾರ ಕಾನೂನು ಆಯೋಗ, ಯುನ್ಸಿಟ್ರಾಲ್, ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಅಲ್ಲಿ ಅದನ್ನು ಮುನ್ನಡೆಸಿದ ಜಾನ್ ಹೊನಾಲ್ಡ್ ಕೂಡ ಪ್ರಾಧ್ಯಾಪಕರೇ. 1980ರಲ್ಲಿ ವಿಯೆನ್ನಾದಲ್ಲಿ 62 ದೇಶಗಳು ಕೂತು ಒಪ್ಪಂದವನ್ನು ಮುಗಿಸಿದವು, 1988ರ ಜನವರಿ 1ರಂದು ಅದು ಜಾರಿಗೆ ಬಂತು. ಈಗ ಸದಸ್ಯ ದೇಶಗಳು 90ಕ್ಕೂ ಹೆಚ್ಚು.

ಆ ಮೇಜಿನ ಮೇಲಿನ ಒಂದು ಜಗಳ ನೋಡಿ. ಸರಕಿನಲ್ಲಿ ದೋಷ ಕಂಡರೆ ಕೊಂಡವನು 'ಸಮಂಜಸ ಅವಧಿ'ಯೊಳಗೆ ತಿಳಿಸಬೇಕು, ಇಲ್ಲದಿದ್ದರೆ ಹಕ್ಕು ಹೋಯಿತು ಎನ್ನುತ್ತದೆ ಒಪ್ಪಂದದ 39ನೆಯ ವಿಧಿ. ಏನೇ ಆದರೂ ಎರಡು ವರ್ಷ ದಾಟುವಂತಿಲ್ಲ. ಯಂತ್ರ ಮಾರುವ ದೇಶಗಳಿಗೆ ಇದು ಸರಿ ಕಂಡಿತು. ಯಂತ್ರ ಕೊಳ್ಳುವ, ಪರೀಕ್ಷಿಸಲು ತಜ್ಞರೇ ಇಲ್ಲದ ದೇಶಗಳು ಎದ್ದು ನಿಂತವು. ರಾಜಿಯಾಗಿ 44ನೆಯ ವಿಧಿ ಬಂತು: ತಡವಾದದ್ದಕ್ಕೆ ಸಮಂಜಸ ಕಾರಣ ಕೊಟ್ಟರೆ ಬೆಲೆಯಲ್ಲಿ ಇಳಿತವನ್ನೋ, ಕೈತಪ್ಪಿದ ಲಾಭವೊಂದನ್ನು ಬಿಟ್ಟು ಉಳಿದ ನಷ್ಟಕ್ಕೆ ಪರಿಹಾರವನ್ನೋ ಕೇಳಬಹುದು. ಸರಿ, 'ಸಮಂಜಸ ಅವಧಿ' ಎಂದರೆ ಎಷ್ಟು ದಿನ? ಒಪ್ಪಂದದಲ್ಲಿ ಇಲ್ಲ. ಬೇಗ ಕೆಡದ ಸರಕಿಗೆ ಸುಮಾರು ಒಂದು ತಿಂಗಳು ಎಂಬ ಅಂದಾಜನ್ನು ಪ್ರಾಧ್ಯಾಪಕಿ ಇಂಗೆಬೊರ್ಗ್ ಶ್ವೆಂಟ್ಸರ್ ತಮ್ಮ ವ್ಯಾಖ್ಯಾನದಲ್ಲಿ ಮುಂದಿಟ್ಟರು. ಜರ್ಮನ್ ಭಾಷೆಯ ಕೋರ್ಟುಗಳು ಅದನ್ನು ಬಳಸತೊಡಗಿದವು, 'ಉದಾತ್ತ ತಿಂಗಳು' ಎಂದೇ ಅದಕ್ಕೆ ಹೆಸರಾಯಿತು. ಕಾಯ್ದೆಯಲ್ಲಿ ಇಲ್ಲದ ಸಂಖ್ಯೆಯೊಂದು ವ್ಯಾಖ್ಯಾನದಿಂದ ತೀರ್ಪಿಗೆ ಇಳಿದ ಬಗೆ ಇದು.

ಹೊರಗಿನ ಕೆಲಸ, ಒಳಗಿನ ತೊಡಕು

ಹೆಸರು ಬಂದ ಮೇಲೆ ಮಧ್ಯಸ್ಥಿಕೆ ಮಂಡಳಿಗಳಿಂದ, ಪರದೇಶದ ಕೋರ್ಟುಗಳಲ್ಲಿ ತಜ್ಞ ಅಭಿಪ್ರಾಯ ಕೊಡಲು ಕರೆ ಬರುತ್ತದೆ. ಸಂಬಳಕ್ಕಿಂತ ಅಲ್ಲಿನ ಗೌರವಧನ ದೊಡ್ಡದಿರಬಹುದು. ತೊಡಕೂ ಅಲ್ಲೇ ಇದೆ. ಕಳೆದ ವರ್ಷ ಒಂದು ಬ್ಯಾಂಕಿನ ಪರ ಅಭಿಪ್ರಾಯ ಕೊಟ್ಟವರು ಈ ವರ್ಷ ಅದೇ ಪ್ರಶ್ನೆಯ ಮೇಲೆ ಲೇಖನ ಬರೆದರೆ ಆ ನಂಟನ್ನು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಬೇಕು. ಹೇಳದೆ ಸಿಕ್ಕಿಬಿದ್ದರೆ ಆ ಲೇಖನ ಮಾತ್ರವಲ್ಲ, ಹಿಂದಿನವೂ ಅನುಮಾನಕ್ಕೆ ಬೀಳುತ್ತವೆ. ಎದುರು ಪಕ್ಷದ ವಕೀಲರು ಹಳೆಯ ಬರಹಗಳನ್ನು ಸಾಲುಸಾಲಾಗಿ ಓದಿಕೊಂಡೇ ಪಾಟೀಸವಾಲಿಗೆ ಬರುತ್ತಾರೆ. ಭಾರತದಲ್ಲಿ ಇನ್ನೊಂದು ಬೇಲಿಯಿದೆ. ವಕೀಲಿ ಮಾಡುತ್ತಲೇ ಕಾನೂನು ಪಾಠ ಹೇಳಬಹುದು, ದಿನಕ್ಕೆ ಮೂರು ಗಂಟೆ ಮೀರದಂತೆ ಎಂಬುದು 1979ರ ನಿಯಮ.

ಅಣಕು ನ್ಯಾಯಾಲಯದ ತಂಡಗಳನ್ನು ತಯಾರು ಮಾಡುವುದೂ ಈ ಕೆಲಸದ ಭಾಗ. ವಿಯೆನ್ನಾದ ವಿಸ್ ಸ್ಪರ್ಧೆ 1993–94ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಅದರ ಸಮಸ್ಯೆ 1980ರ ವಿಯೆನ್ನಾ ಮಾರಾಟ ಒಪ್ಪಂದದ ಮೇಲೆಯೇ. ಅಕ್ಟೋಬರಿನಲ್ಲಿ ಸಮಸ್ಯೆ ಕೈಗೆ ಬಂದರೆ ವಸಂತದ ಮೌಖಿಕ ಸುತ್ತಿನವರೆಗೆ ಆರು ತಿಂಗಳ ದುಡಿಮೆ. ಬಡ್ತಿಯ ಅಂಕಪಟ್ಟಿಯಲ್ಲಿ ಇದಕ್ಕೆ ಹೆಚ್ಚಿನ ಬೆಲೆಯಿಲ್ಲ. ಆದರೂ ಮಾಡುವವರು ಮಾಡುತ್ತಾರೆ, ಒಳ್ಳೆಯ ಸಂಶೋಧನಾ ವಿದ್ಯಾರ್ಥಿಗಳು ಸಿಗುವುದು ಅಲ್ಲೇ.

ಈಗ ಎಲ್ಲರೂ ತಮ್ಮ ಟಿಪ್ಪಣಿಗಳನ್ನು ತಿದ್ದಿಕೊಳ್ಳುತ್ತಿರುವ ಅಧ್ಯಾಯ ಬಿಲ್ ಆಫ್ ಲೇಡಿಂಗ್‌ನದು. ಶತಮಾನಗಳ ಕಾಲ ಆ ಕಾಗದ ಕೈಯಲ್ಲಿದ್ದವನೇ ಸರಕಿನ ಹಕ್ಕುದಾರ. ಕಡತ ಕಂಪ್ಯೂಟರಿನಲ್ಲಿದ್ದರೆ 'ಕೈಯಲ್ಲಿ' ಎಂಬ ಮಾತಿಗೆ ಅರ್ಥವೇನು? ಅದರ ನೂರು ಪ್ರತಿ ಮಾಡಬಹುದಲ್ಲ? ಯುನ್ಸಿಟ್ರಾಲ್ 2017ರಲ್ಲಿ ಇದಕ್ಕೊಂದು ಮಾದರಿ ಕಾನೂನು ಬರೆಯಿತು. ಬ್ರಿಟನ್ 2023ರ ಕಾಯ್ದೆಯಲ್ಲಿ, ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ನಿಯಂತ್ರಿಸಲಾಗದ, ದಾಟಿಸಿದ ಮೇಲೆ ದಾಟಿಸಿದವನ ಹಿಡಿತ ತಪ್ಪುವಂಥ ವ್ಯವಸ್ಥೆಯಲ್ಲಿದ್ದರೆ ಆ ಕಡತವನ್ನೂ ಕಾಗದದಂತೆಯೇ ಸ್ವಾಧೀನದಲ್ಲಿ ಇಟ್ಟುಕೊಳ್ಳಬಹುದು ಎಂದಿತು. ಮುಂದಿನ ಸೆಮಿಸ್ಟರಿನಲ್ಲಿ ಕಡಲೆಕಾಯಿ ಮೊಕದ್ದಮೆ ಕಲಿಸುವವರಿಗೆ ಬದಲಿಸಲು ಹೊಸದೊಂದು ಸಂಗತಿ ಸಿಕ್ಕಿದೆ: ಬಿಲ್ ಆಫ್ ಲೇಡಿಂಗ್ ಬಂದದ್ದು ಲಕೋಟೆಯಲ್ಲಲ್ಲ, ಸರ್ವರಿನಲ್ಲಿ; ಅಂಚಿನ 'ಸಿ.ಆರ್.ಎಸ್.' ಈಗ ಅಂಚಿನಲ್ಲಿಲ್ಲ, ಬ್ಯಾಂಕಿನ ತಂತ್ರಾಂಶ ಓದದೆ ಬಿಟ್ಟ ಒಂದು ಅಂಕಣದಲ್ಲಿದೆ.